ಕೆಂಪು ಮಣಿಗೆ ಯಾರು ಹೊಣೆ?
ಗುಣಮಟ್ಟ ನಿರ್ವಹಣೆಯ ತತ್ವಗಳ ಕುರಿತ ಒಂದು ಪೂರಕ ಪಾಠ ಮತ್ತು ಅದರ ಆತ್ಮಾವಲೋಕನ

ತರಗತಿ: 9
ವಿಷಯ: ಗಣಿತ (ಸಂಖ್ಯಾಶಾಸ್ತ್ರ ಘಟಕಕ್ಕೆ ಪೂರಕ)
ಅವಧಿ: 40 ನಿಮಿಷಗಳ ಎರಡು ಅವಧಿ
ವಿದ್ಯಾರ್ಥಿಗಳ ಸಂಖ್ಯೆ: 42
ಪೂರ್ವಜ್ಞಾನ: ಸರಾಸರಿ, ವ್ಯಾಪ್ತಿ, ರೇಖಾನಕ್ಷೆ, ವರ್ಗಮೂಲ

ಪಾಠದ ಹಿನ್ನೆಲೆ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ನಾನು ಗೋಳದ ಮೇಲ್ಮೈ ವಿಸ್ತೀರ್ಣದ ಮೇಲೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ನಾಲ್ಕನೇ ಪ್ರಶ್ನೆಗೆ 42 ಮಕ್ಕಳಲ್ಲಿ 27 ಮಂದಿ ತಪ್ಪು ಉತ್ತರ ಬರೆದಿದ್ದರು. ನನಗೆ ಸಿಟ್ಟು ಬಂತು. ಆ 27 ಮಂದಿಗೂ ಲೆಕ್ಕವನ್ನು ಐದೈದು ಸಲ ಬರೆದು ತರಲು ಹೇಳಿದೆ. ಮರುದಿನ ಎಲ್ಲರೂ ಬರೆದು ತಂದರು. ಯಾಕೆ ತಪ್ಪಾಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅದೇ ವಾರ ಸಂಖ್ಯಾಶಾಸ್ತ್ರಕ್ಕೆ ಒಂದು ಚಟುವಟಿಕೆ ಹುಡುಕುತ್ತಿದ್ದಾಗ ಎಡ್ವರ್ಡ್ಸ್ ಡೆಮಿಂಗ್ ಅವರ ಕೆಂಪು ಮಣಿಗಳ ಪ್ರಯೋಗದ ವಿವರ ಸಿಕ್ಕಿತು. ಡೆಮಿಂಗ್ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಎಂಜಿನಿಯರುಗಳಿಗೂ ಕಾರ್ಖಾನೆಗಳ ಮುಖ್ಯಸ್ಥರಿಗೂ ಗುಣಮಟ್ಟ ನಿಯಂತ್ರಣವನ್ನು ಕಲಿಸಿದವರು. ತಮ್ಮ ತರಬೇತಿ ಶಿಬಿರಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳ ಅಧಿಕಾರಿಗಳ ಕೈಯಲ್ಲಿ ಮಣಿ ಎತ್ತಿಸುತ್ತಿದ್ದರು. ಅದನ್ನೇ ನಮ್ಮ ತರಗತಿಗೆ ಹೊಂದಿಸಿಕೊಂಡೆ.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಸಂಗ್ರಹಿಸಿದ ದತ್ತಾಂಶದ ಸರಾಸರಿ ಕಂಡುಹಿಡಿದು ನಿಯಂತ್ರಣ ನಕ್ಷೆ ಬರೆಯುವರು.
2. ವ್ಯವಸ್ಥೆಯೊಳಗಿನ ಸಾಮಾನ್ಯ ಏರಿಳಿತಕ್ಕೂ ವಿಶೇಷ ಕಾರಣದಿಂದಾದ ಬದಲಾವಣೆಗೂ ಇರುವ ವ್ಯತ್ಯಾಸ ತಿಳಿಸುವರು.
3. ಒಂದೇ ತತ್ವವು ಬೇರೆ ಬೇರೆ ಉದ್ಯಮಗಳಲ್ಲಿ ಹೇಗೆ ಬಳಕೆಯಾಗಿದೆ ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವರು.

ಬೋಧನೋಪಕರಣ

ಒಂದೇ ಅಳತೆಯ 400 ಬಿಳಿ ಮಣಿ, 100 ಕೆಂಪು ಮಣಿ, ಒಂದು ಅಗಲವಾದ ಡಬ್ಬಿ. ದಪ್ಪ ರಟ್ಟಿನಲ್ಲಿ ಸಾಲಿಗೆ ಐದರಂತೆ 25 ತೂತು ಕೊರೆದು, ಕೆಳಗೆ ಇನ್ನೊಂದು ರಟ್ಟು ಅಂಟಿಸಿದ ಪಟ್ಟಿ. ಇದನ್ನು ಮಣಿಗಳ ರಾಶಿಯಲ್ಲಿ ಅದ್ದಿ ಎತ್ತಿ ಮೆಲ್ಲಗೆ ಅಲ್ಲಾಡಿಸಿದರೆ ತೂತಿಗೊಂದರಂತೆ 25 ಮಣಿ ಉಳಿಯುತ್ತವೆ.

ಮೊದಲ ಅವಧಿ: ಮಣಿ ಕಾರ್ಖಾನೆ

ಆರು ಮಕ್ಕಳನ್ನು ‘ಕೆಲಸಗಾರರು’ ಎಂದು ಕರೆದೆ. ಒಬ್ಬಳು ಲೆಕ್ಕ ಬರೆಯುವವಳು, ಇಬ್ಬರು ತಪಾಸಕರು. ನಾನು ಮಾಲೀಕಳು. ಇದು ನಾಟಕ, ನಾನು ಗದರಿದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದೆ. ನಿಯಮ ಇಷ್ಟೇ: ಗಿರಾಕಿಗೆ ಬಿಳಿ ಮಣಿ ಮಾತ್ರ ಬೇಕು, ಕೆಂಪು ಮಣಿ ಬಂದರೆ ಅದು ದೋಷ. ಪ್ರತಿಯೊಬ್ಬರೂ ಒಂದು ‘ದಿನ’ಕ್ಕೆ ಒಮ್ಮೆ ಪಟ್ಟಿ ಅದ್ದಬೇಕು. ಎಣಿಸಿದ ಮೇಲೆ ಮಣಿಗಳನ್ನು ಡಬ್ಬಿಗೆ ಹಾಕಿ ಕಲಸಬೇಕು.

ನಾಲ್ಕು ದಿನಗಳಲ್ಲಿ ಬಂದ ಕೆಂಪು ಮಣಿಗಳ ಲೆಕ್ಕ ಹೀಗಿತ್ತು:

ಅ: 5, 3, 7, 6 (ಒಟ್ಟು 21)
ಆ: 8, 4, 5, 3 (ಒಟ್ಟು 20)
ಇ: 2, 6, 4, 7 (ಒಟ್ಟು 19)
ಈ: 6, 9, 5, 4 (ಒಟ್ಟು 24)
ಉ: 4, 5, 3, 8 (ಒಟ್ಟು 20)
ಊ: 7, 2, 6, 5 (ಒಟ್ಟು 20)

ಮೊದಲ ದಿನ ‘ಇ’ ಬರೀ 2 ಕೆಂಪು ತಂದ. ಅವನಿಗೆ ಚಪ್ಪಾಳೆ, ಒಂದು ಪೆನ್ನು. ‘ಆ’ 8 ತಂದಳು. ಅವಳನ್ನು ಗದರಿದೆ. ಎರಡನೇ ದಿನ ‘ಆ’ 4ಕ್ಕೆ ಇಳಿದಳು, ‘ಇ’ 6ಕ್ಕೆ ಏರಿದ. “ನೋಡಿದಿರಾ, ಬೈದರೆ ಕೆಲಸ ಆಗುತ್ತೆ, ಹೊಗಳಿದರೆ ತಲೆಗೇರುತ್ತೆ” ಎಂದೆ. ತರಗತಿ ಒಪ್ಪಿಕೊಂಡಿತು. ಎರಡನೇ ದಿನ 9 ತಂದ ‘ಈ’ಯನ್ನು ಗದರಿದೆ, 2 ತಂದ ‘ಊ’ವನ್ನು ಹೊಗಳಿದೆ. ಮೂರನೇ ದಿನ ‘ಈ’ 5ಕ್ಕೆ ಇಳಿದ, ‘ಊ’ 6ಕ್ಕೆ ಏರಿದಳು. ಮೂರನೇ ದಿನ 7 ತಂದ ‘ಅ’ನನ್ನು ಗದರಿ, 3 ತಂದ ‘ಉ’ವನ್ನು ಹೊಗಳಿದೆ. ನಾಲ್ಕನೇ ದಿನ ‘ಅ’ 6ಕ್ಕೆ ಇಳಿದ, ‘ಉ’ 8ಕ್ಕೆ ಏರಿದಳು. ಮೂರು ಸಲವೂ ಬೈಗುಳ ‘ಗೆದ್ದಿತ್ತು’.

ಆಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಮಿಸ್, ಕಣ್ಣು ಬಿಟ್ಟುಕೊಂಡು ಅದ್ದಿದ್ರೂ ಕೆಂಪು ಬರದೇ ಇರುತ್ತಾ? ಡಬ್ಬಿಯಲ್ಲೇ ಕೆಂಪು ಇದೆಯಲ್ಲ!”

ನಾನು ಕಾಯುತ್ತಿದ್ದದ್ದು ಈ ಮಾತಿಗೇ. ಡಬ್ಬಿಯಲ್ಲಿ ಐದರಲ್ಲಿ ಒಂದು ಮಣಿ ಕೆಂಪು. ಹಾಗಾಗಿ 25 ಮಣಿ ಎತ್ತಿದರೆ ಸುಮಾರು 5 ಕೆಂಪು ಬರುವುದು ಸಹಜ. 9 ಬಂದವನಿಗೆ ಮುಂದಿನ ಸಲ ಅದಕ್ಕಿಂತ ಕಡಿಮೆ ಬರುವ ಸಂಭವವೇ ಹೆಚ್ಚು. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ. 2 ಬಂದವಳಿಗೆ ಮುಂದಿನ ಸಲ ಹೆಚ್ಚು ಬರುವುದೂ ಹಾಗೆಯೇ. ಬೈಗುಳದಿಂದ ಸುಧಾರಣೆ ಆಯಿತೆಂದು ನಮಗೆ ಕಂಡದ್ದು ಸರಾಸರಿಯ ಕಡೆಗಿನ ಮರಳುವಿಕೆ ಮಾತ್ರ.

ನಿಯಂತ್ರಣ ನಕ್ಷೆ

ಮಕ್ಕಳೇ ಲೆಕ್ಕ ಮಾಡಿದರು. 24 ಸಲದಲ್ಲಿ ಒಟ್ಟು ಕೆಂಪು 124. ಸರಾಸರಿ 124 ÷ 24 = 5.17. ಒಟ್ಟು 600 ಮಣಿಗಳಲ್ಲಿ ಕೆಂಪಿನ ಪಾಲು 0.21, ಬಿಳಿಯ ಪಾಲು 0.79. ಮಿತಿ ಕಂಡುಹಿಡಿಯುವ ಸೂತ್ರವನ್ನು ಸಾಧಿಸದೆ ನೇರವಾಗಿ ಕೊಟ್ಟೆ: ಸರಾಸರಿಯನ್ನು ಬಿಳಿಯ ಪಾಲಿನಿಂದ ಗುಣಿಸಿ, ವರ್ಗಮೂಲ ತೆಗೆದು, ಮೂರರಿಂದ ಗುಣಿಸಬೇಕು. 5.17 × 0.79 = 4.1, ವರ್ಗಮೂಲ ಸುಮಾರು 2, ಮೂರು ಪಟ್ಟು ಸುಮಾರು 6. ಮೇಲಿನ ಮಿತಿ 11ರ ಆಸುಪಾಸು. ಕೆಳಗಿನದು ಋಣಸಂಖ್ಯೆ ಬರುವುದರಿಂದ 0.

ನಕ್ಷೆಯಲ್ಲಿ 24 ಬಿಂದುಗಳೂ ಈ ಎರಡು ಗೆರೆಗಳ ನಡುವೆಯೇ ಬಿದ್ದವು. ಅಂದರೆ ಆರು ಜನರಲ್ಲಿ ಒಳ್ಳೆಯ ಕೆಲಸಗಾರ, ಕೆಟ್ಟ ಕೆಲಸಗಾರ ಎಂದು ವಿಂಗಡಿಸಲು ಈ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲ. ದೋಷ ಕಡಿಮೆಯಾಗಬೇಕಾದರೆ ಡಬ್ಬಿಯೊಳಗಿನ ಕೆಂಪು ಮಣಿ ಕಡಿಮೆಯಾಗಬೇಕು. ಅದು ಮಾಲೀಕಳ ಕೆಲಸ. ಯಾರಾದರೂ 15 ಕೆಂಪು ತಂದಿದ್ದರೆ ಮಾತ್ರ, ಅಲ್ಲಿ ಏನೋ ವಿಶೇಷ ಕಾರಣವಿದೆ ಎಂದು ಹುಡುಕಬೇಕಿತ್ತು.

ಈ ನಕ್ಷೆಯನ್ನು ಮೊದಲು ರಚಿಸಿದವರು ವಾಲ್ಟರ್ ಶೂಹಾರ್ಟ್. 1924ರ ಮೇ ತಿಂಗಳಿನಲ್ಲಿ, ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ, ತಮ್ಮ ಮೇಲಧಿಕಾರಿಗೆ ಬರೆದ ಒಂದು ಟಿಪ್ಪಣಿಯಲ್ಲಿ ಇದನ್ನು ತೋರಿಸಿದರು. ಡೆಮಿಂಗ್ ಕಲಿತದ್ದು ಇವರಿಂದ. ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಮಹಾಲನೋಬಿಸ್ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ, ಅಲ್ಲಿ ಗುಣಮಟ್ಟ ನಿಯಂತ್ರಣದ ಘಟಕವೂ ಇದೆ ಎಂದಾಗ ಮಕ್ಕಳಿಗೆ ವಿಷಯ ಸ್ವಲ್ಪ ಹತ್ತಿರವಾಯಿತು.

ಅವಧಿ ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಪೀಸ್ ರಿಜೆಕ್ಟ್ ಆದ್ರೆ ಎಲ್ಲರೆದುರಿಗೇ ಬೈತಾರಂತೆ. ಮೆಷಿನ್ನೇ ದಾರ ಕಡೀತಿದ್ರೆ ಅಮ್ಮ ಏನ್ ಮಾಡೋಕಾಗುತ್ತೆ?” ಯಾರೂ ಮಾತಾಡಲಿಲ್ಲ. “ಅದನ್ನು ನಾಳೆ ಎಲ್ಲರೂ ಸೇರಿ ನೋಡೋಣ” ಎಂದೆ. ಎರಡನೇ ಅವಧಿಯ ಮುಖ್ಯ ಪ್ರಶ್ನೆ ಅದೇ ಆಯಿತು.

ಎರಡನೇ ಅವಧಿ: ನಾಲ್ಕು ಉದ್ಯಮ, ಮೂರು ಪ್ರಶ್ನೆ

ತರಗತಿಯನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಮಾಹಿತಿ ಪತ್ರ ಕೊಟ್ಟೆ. ಎಲ್ಲರಿಗೂ ಪ್ರಶ್ನೆ ಮೂರೇ: ತಪ್ಪು ಎಲ್ಲಿ ಹುಟ್ಟಿತು? ಎಲ್ಲಿ ಗೊತ್ತಾಯಿತು? ಮತ್ತೆ ಆಗದಂತೆ ಏನನ್ನು ಬದಲಾಯಿಸಿದರು?

*ನೇಯ್ಗೆ.* ಮಗ್ಗದಲ್ಲಿ ಒಂದು ಎಳೆ ಕಡಿದದ್ದು ಗೊತ್ತಾಗದೆ ಹೋದರೆ ಗಜಗಟ್ಟಲೆ ಬಟ್ಟೆ ಹಾಳು. ಜಪಾನಿನ ಸಕಿಚಿ ಟೊಯೊಡ ಎಳೆ ಕಡಿದ ಕೂಡಲೇ ತಾನೇ ನಿಲ್ಲುವ ಮಗ್ಗ ಮಾಡಿದರು. 1924ರ ಅವರ ಸ್ವಯಂಚಾಲಿತ ಮಗ್ಗ ಪ್ರಸಿದ್ಧವಾಯಿತು. ಅದೇ ಮನೆತನದ ಟೊಯೊಟಾ ಕಾರು ಕಾರ್ಖಾನೆಗೂ ಈ ತತ್ವ ಬಂತು: ದೋಷ ಕಂಡ ಕೆಲಸಗಾರ ಹಗ್ಗ ಎಳೆದರೆ ದೀಪ ಹತ್ತುತ್ತದೆ, ಮೇಲಿನವರು ನೆರವಿಗೆ ಬರುತ್ತಾರೆ. ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ‘ಯಾಕೆ’ ಎಂದು ಐದು ಸಲ ಕೇಳಿ ಮೂಲ ಕಾರಣ ಹುಡುಕುವ ಅಭ್ಯಾಸವೂ ಅಲ್ಲಿಯದೇ. ಗಾರ್ಮೆಂಟ್ಸ್ ವಿಷಯ ಕೇಳಿದ್ದ ಹುಡುಗಿ ಈ ಗುಂಪಿನಲ್ಲಿದ್ದಳು. ಅವಳು ಮಂಡಿಸಿದ ವಾಕ್ಯ: “ಇಲ್ಲಿ ತಪ್ಪು ಹೇಳಿದವರನ್ನ ಬೈಯಲ್ಲ, ಹೇಳಲಿ ಅಂತಾನೇ ಹಗ್ಗ ಇಟ್ಟಿದ್ದಾರೆ.”

*ವಿಮಾನ.* 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿತ್ತು. ನಿಂತಿರುವಾಗ ಗಾಳಿಗೆ ರೆಕ್ಕೆಪುಕ್ಕ ಅಲುಗದಂತೆ ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ನುರಿತ ಚಾಲಕರಿಬ್ಬರು ಸತ್ತರು. ಇನ್ನೂ ಚುರುಕಿನ ಚಾಲಕರನ್ನು ಹುಡುಕುವುದು ಪರಿಹಾರವಾಗಲಿಲ್ಲ. ಹಾರುವ ಮೊದಲು, ಇಳಿಯುವ ಮೊದಲು ಓದಿ ನೋಡಬೇಕಾದ ಪಟ್ಟಿ ತಯಾರಾಯಿತು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಬಳಕೆಗೆ ಬಂತು.

*ಶಸ್ತ್ರಚಿಕಿತ್ಸೆ.* ವಿಮಾನದ ಪಟ್ಟಿ ಆಸ್ಪತ್ರೆಗೂ ಬಂತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ಹೊರತಂದಿತು. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು, ಹೀಗೆ ಮೂರು ಕಡೆ ನಿಂತು ನೋಡಬೇಕು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ, ದೊಡ್ಡ ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು.

*ಹಾಲು.* ಇದು ಮಕ್ಕಳಿಗೆ ಅತಿ ಪರಿಚಿತ. ಕ್ಷೀರಭಾಗ್ಯದ ಹಾಲು ಕುಡಿದು ಬೆಳೆದವರು, ಮನೆಯಿಂದ ಡೈರಿಗೆ ಹಾಲು ಹಾಕಿ ಬರುವವರು. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚರೀಕರಿಸುತ್ತಾರೆ. ಶಾಖ ಸಾಲದಿದ್ದರೆ ಒಂದು ಕವಾಟ ತಾನೇ ತಿರುಗಿ, ಆ ಹಾಲನ್ನು ಮುಂದೆ ಬಿಡದೆ ಹಿಂದಕ್ಕೆ ಕಳಿಸುತ್ತದೆ. ಕೆಟ್ಟ ಹಾಲು ಪ್ಯಾಕೆಟ್ಟಿಗೆ ಹೋದ ಮೇಲೆ ಹುಡುಕುವುದಲ್ಲ, ಅಪಾಯದ ಜಾಗದಲ್ಲೇ ತಡೆಯುವುದು. ಆಹಾರ ಉದ್ಯಮದಲ್ಲಿ ಈಗ ಎಲ್ಲ ಕಡೆ ಇರುವ ಈ ಪದ್ಧತಿ 1960ರ ದಶಕದಲ್ಲಿ ಗಗನಯಾತ್ರಿಗಳ ಊಟಕ್ಕಾಗಿ ನಾಸಾ ಮತ್ತು ಪಿಲ್ಸ್‌ಬರಿ ಕಂಪನಿ ರೂಪಿಸಿದ್ದು. “ಮಗ್ಗ ನಿಂತ ಹಾಗೇ ಇದೂ, ಮಿಸ್” ಎಂದು ಒಬ್ಬ ಹೇಳಿದ. ಆ ಹೋಲಿಕೆಯನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಕಪ್ಪು ಹಲಗೆಯ ಮೇಲೆ ನಾಲ್ಕು ಉತ್ತರಗಳನ್ನು ಒಟ್ಟಿಗೆ ಇಟ್ಟೆವು. ಕೆಲಸದ ಕ್ರಮವನ್ನು ತಿದ್ದುವುದು, ಅಂಕಿಗಳನ್ನು ನೋಡಿ ತೀರ್ಮಾನಿಸುವುದು, ಕೆಲಸ ಮಾಡುವವರ ಮಾತು ಕೇಳುವುದು, ನಿರಂತರವಾಗಿ ಸುಧಾರಿಸುವುದು, ಈ ನಾಲ್ಕೂ ಎಲ್ಲ ಕಡೆ ಕಂಡವು. ಐಎಸ್‌ಒ 9001 ಎಂಬ ಅಂತರರಾಷ್ಟ್ರೀಯ ಮಾನಕದ ಹಿಂದಿರುವ ಏಳು ತತ್ವಗಳಲ್ಲಿ ಇವೂ ಸೇರಿವೆ.

ಹೊಂದದ ಜಾಗ

ಎಲ್ಲವೂ ಎಲ್ಲ ಕಡೆ ಹೊಂದುತ್ತದೆ ಎಂದು ಮಕ್ಕಳು ತಿಳಿಯಬಾರದೆಂದು ಒಂದು ಪ್ರಶ್ನೆ ಇಟ್ಟೆ: ಶಾಲೆಯೂ ಒಂದು ಕಾರ್ಖಾನೆಯೇ? “ಹೌದು”, “ಅಲ್ಲ” ಎರಡೂ ಬಂದವು. ಕಾರ್ಖಾನೆಯಲ್ಲಿ ಒಂದು ಬೋಲ್ಟು ಇನ್ನೊಂದರ ಹಾಗೆಯೇ ಇರಬೇಕು. ಮಕ್ಕಳು ಒಬ್ಬರ ಹಾಗೆ ಇನ್ನೊಬ್ಬರು ಇರಬೇಕಾಗಿಲ್ಲ, ಆ ವ್ಯತ್ಯಾಸ ದೋಷವಲ್ಲ. ಆದರೆ ಪಾಠ ಮಾಡುವ ಕ್ರಮಕ್ಕೆ, ಪ್ರಶ್ನೆಪತ್ರಿಕೆಗೆ, ಪ್ರಯೋಗಾಲಯದ ಸುರಕ್ಷತೆಗೆ ಈ ತತ್ವಗಳು ಸಲ್ಲುತ್ತವೆ. ಇಷ್ಟಕ್ಕೆ ಚರ್ಚೆ ನಿಲ್ಲಿಸಬೇಕಾಯಿತು, ಗಂಟೆ ಹೊಡೆಯಿತು.

ಮೌಲ್ಯಮಾಪನ ಮತ್ತು ಮನೆಗೆಲಸ

ನಕ್ಷೆಯನ್ನು ಹೆಚ್ಚಿನವರು ಸರಿಯಾಗಿ ಬರೆದರು. ‘ಮಿತಿಯೊಳಗಿದ್ದರೆ ಎಲ್ಲವೂ ಚೆನ್ನಾಗಿದೆ’ ಎಂದು ಕೆಲವರು ಬರೆದಿದ್ದರು. ಇದು ತಪ್ಪು. ಐದರಲ್ಲೊಂದು ದೋಷ ಮಿತಿಯೊಳಗಿದ್ದರೂ ಗಿರಾಕಿಗೆ ಅದು ಬೇಡ. ಮುಂದಿನ ತರಗತಿಯಲ್ಲಿ ಇದನ್ನು ಮತ್ತೆ ತಿಳಿಸಿದೆ. ಮನೆಗೆಲಸ: ಮನೆಯಿಂದ ಶಾಲೆಗೆ ಬರಲು ಹಿಡಿಯುವ ಸಮಯವನ್ನು ಹತ್ತು ದಿನ ಬರೆದು, ಯಾವ ದಿನಕ್ಕೆ ವಿಶೇಷ ಕಾರಣವಿತ್ತು ಎಂದು ಗುರುತಿಸುವುದು.

ಆತ್ಮಾವಲೋಕನ

ಪಾಠ ಮುಗಿದ ಸಂಜೆ ಆ 27 ಉತ್ತರಪತ್ರಿಕೆಗಳನ್ನು ಮತ್ತೆ ತೆಗೆದೆ. 27ರಲ್ಲಿ ಬಹುಪಾಲು ಒಂದೇ ತಪ್ಪು: ಪ್ರಶ್ನೆಯಲ್ಲಿ ವ್ಯಾಸ ಕೊಟ್ಟಿದ್ದೆ, ಅವರು ಅದನ್ನೇ ತ್ರಿಜ್ಯ ಎಂದು ಹಾಕಿದ್ದರು. ಯಾಕೆ? ಪ್ರಶ್ನೆಯನ್ನು ಗಮನವಿಟ್ಟು ಓದಲಿಲ್ಲ. ಯಾಕೆ? ಗೋಳದ ಲೆಕ್ಕ ಎಂದರೆ ತ್ರಿಜ್ಯವನ್ನೇ ಕೊಟ್ಟಿರುತ್ತಾರೆಂದು ಅಭ್ಯಾಸವಾಗಿತ್ತು. ಯಾಕೆ? ನನ್ನ ಪಾಠ ಯೋಜನೆಯ ಪುಸ್ತಕ ತೆರೆದು ನೋಡಿದೆ. ತರಗತಿಯಲ್ಲಿ ಮಾಡಿಸಿದ ಒಂದು ಲೆಕ್ಕದಲ್ಲೂ ವ್ಯಾಸ ಇರಲಿಲ್ಲ. ಐದನೇ ‘ಯಾಕೆ’ಯವರೆಗೆ ಹೋಗುವ ಅಗತ್ಯವೇ ಬರಲಿಲ್ಲ. ಡಬ್ಬಿಗೆ ಕೆಂಪು ಮಣಿ ಹಾಕಿದವಳು ನಾನು, ಐದೈದು ಸಲ ಬರೆದವರು ಅವರು.

ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ. ವ್ಯಾಸ ಕೊಟ್ಟ ಎರಡು ಲೆಕ್ಕ ಮಾಡಿಸಿ, ಹೊಸ ಅಂಕಿಗಳಿಂದ ಅಂಥದೇ ಪ್ರಶ್ನೆ ಕೊಟ್ಟಾಗ 9 ಮಂದಿ ತಪ್ಪು ಮಾಡಿದರು. ಒಂದು ಪರೀಕ್ಷೆಯಿಂದ ಹೆಚ್ಚು ಹೇಳಲಾಗದು ಎಂದು ನಾನೇ ಪಾಠ ಮಾಡಿದ್ದೇನೆ. ಆದರೆ ಈಗ 9 ಮಂದಿಯ ಹತ್ತಿರ ಒಬ್ಬೊಬ್ಬರಾಗಿ ಕೂರಲು ಸಾಧ್ಯವಾಯಿತು. ಅವರಲ್ಲೊಬ್ಬನಿಗೆ ಹಿಂದಿನ ಬೆಂಚಿನಿಂದ ಹಲಗೆಯ ಅಕ್ಷರ ಕಾಣುತ್ತಲೇ ಇರಲಿಲ್ಲ. ಅದು ವಿಶೇಷ ಕಾರಣ. ಅವನನ್ನು ಮುಂದೆ ಕೂರಿಸಿ, ಕಣ್ಣು ತಪಾಸಣೆಯ ವಿಷಯವನ್ನು ತರಗತಿ ಶಿಕ್ಷಕರಿಗೆ ತಿಳಿಸಿದೆ.

ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಿ ಶಿಕ್ಷಕರು ಎರಡು ಮಾತು ಬರೆದರು. ಒಂದು, ಎರಡನೇ ಅವಧಿಗೆ ನಾಲ್ಕು ಉದ್ಯಮ ಹೆಚ್ಚಾಯಿತು, ಎರಡು ಸಾಕಿತ್ತು. ಇನ್ನೊಂದು, ನಾಟಕ ಎಂದು ಹೇಳಿದ್ದರೂ 9 ಮಣಿ ತಂದ ಹುಡುಗನ ಮುಖ ಗದರಿದಾಗ ಬಾಡಿತ್ತು, ಅದನ್ನು ನಾನು ಗಮನಿಸಲಿಲ್ಲ. ಎರಡನೆಯದು ನನಗೆ ಚುಚ್ಚಿತು. ಯಾರದೂ ತಪ್ಪಿಲ್ಲ ಎಂದು ಕಲಿಸುವ ಪಾಠದಲ್ಲೇ ಒಬ್ಬನನ್ನು ನೋಯಿಸಿದ್ದೆ.

ಈ ಪಾಠವನ್ನು ಬಳಸಲು ಬಯಸುವ ಸಹಪಾಠಿಗಳಿಗೆ ನನ್ನ ಸಲಹೆ: ಪಟ್ಟಿ ಅದ್ದುವ ಕೆಲಸಗಾರರು ನೀವಾಗಿ, ಮಾಲೀಕರ ಪಾತ್ರ ಮಕ್ಕಳಿಗೆ ಕೊಡಿ. ಬೈಸಿಕೊಳ್ಳುವ ಸರದಿ ನಮ್ಮದಾಗಲಿ. ಮುಂದಿನ ವಾರ ಪಕ್ಕದ ವಿಭಾಗದಲ್ಲಿ ನಾನು ಹಾಗೆಯೇ ಮಾಡುವವಳಿದ್ದೇನೆ.