ಆರು ಸಾವಿರದ ಸೈಕಲ್ಲಿಗೆ ಸಾವಿರದ ಬೀಗ

ಆರು ಸಾವಿರ ರೂಪಾಯಿಯ ಸೈಕಲ್ಲಿಗೆ ಸಾವಿರದ ಬೀಗ ಎಂದರೆ ಮನೆಯವರು ನಗುತ್ತಾರೆ. ‘ಅದನ್ನ ಯಾರು ಕದೀತಾರೆ ಬಿಡಿ’ ಎನ್ನುತ್ತಾರೆ. ಕದಿಯುವವನ ಲೆಕ್ಕ ಬೇರೆ. ಲಕ್ಷ ರೂಪಾಯಿಯ ಸೈಕಲ್ ಕದ್ದರೆ ಮಾರುವುದೇ ತಲೆನೋವು. ಕೊಳ್ಳುವವರು ಬೆರಳೆಣಿಕೆಯಷ್ಟು, ಅವರೆಲ್ಲ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತಾರೆ. ಸಾಧಾರಣ ಸೈಕಲ್ಲಾದರೆ ಸಂಜೆಯೊಳಗೆ ಕೈ ಬದಲಾಗುತ್ತದೆ, ಯಾರೂ ಬಿಲ್ ಕೇಳುವುದಿಲ್ಲ. ಏನೂ ಗಿಟ್ಟದಿದ್ದರೆ ಗುಜರಿಯಲ್ಲಿ ತೂಕಕ್ಕೆ ಹಾಕಿದರಾಯಿತು. ಹಾಗಾಗಿ ಅಗ್ಗದ ಸೈಕಲ್ ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟೇ: ವಿಮೆಗೆ ಕಟ್ಟಬೇಕೆಂದಿರುವ ಹಣವನ್ನು ಮೊದಲು ಬೀಗಕ್ಕೆ ಹಾಕಿ. ಹೇಗೆ ಎಂಬುದು ಮುಂದಿದೆ.

1. ಅಂಗಡಿಯವರು ಪುಕ್ಕಟೆ ಕೊಟ್ಟ ಕೇಬಲ್ ಬೀಗವನ್ನು ನಂಬಬೇಡಿ.

ನೋಡಲು ಹೆಬ್ಬೆರಳಿನ ದಪ್ಪ ಇರುತ್ತದೆ. ಹೊರಗಿನ ಪ್ಲಾಸ್ಟಿಕ್ ಸುಲಿದರೆ ಒಳಗಿರುವುದು ಪೆನ್ಸಿಲ್ಲಿಗಿಂತ ಸಣ್ಣ ತಂತಿ. ಒಳ್ಳೆಯ ಕಟರ್ ಇದ್ದವನಿಗೆ ಕೆಲವೇ ಸೆಕೆಂಡುಗಳ ಕೆಲಸ. ಅದರಲ್ಲೂ ನಂಬರ್ ಲಾಕ್ ಹಾಕುವವರನ್ನು ಒಮ್ಮೆ ಗಮನಿಸಿ: ಅವಸರದಲ್ಲಿ ಕೊನೆಯ ಚಕ್ರವೊಂದನ್ನೇ ಒಂದು ಮನೆ ತಿರುಗಿಸಿ ಹೊರಟುಬಿಡುತ್ತಾರೆ. ಪಕ್ಕದಲ್ಲಿ ನಿಂತವನು ಅದೊಂದನ್ನು ಹಿಂದಕ್ಕೆ ತಿರುಗಿಸಿದರೆ ಸಾಕು, ಬೀಗ ಬಾಯಿ ಬಿಡುತ್ತದೆ. ಹಾಗೆಂದು ಕೇಬಲ್ಲನ್ನು ಎಸೆಯಬೇಡಿ. ಮುಂದಿನ ಚಕ್ರವನ್ನೂ ಹೆಲ್ಮೆಟ್ಟನ್ನೂ ಕಟ್ಟಲು ಎರಡನೆಯ ಬೀಗವಾಗಿ ಬರುತ್ತದೆ.

2. ಹಿಂಚಕ್ರದ ರಿಂಗ್ ಲಾಕ್ ಹಾಲು ತರುವ ಹೊತ್ತಿಗೆ ಮಾತ್ರ.

ಅಂಗಡಿಯ ಮೆಟ್ಟಿಲಿನಿಂದ ಸೈಕಲ್ ಕಾಣುತ್ತಿದ್ದರೆ ಸರಿ. ಮರೆಯಾದರೆ ಅದು ಬೀಗವೇ ಅಲ್ಲ. ಚಕ್ರ ತಿರುಗದಿದ್ದರೇನಂತೆ, ಹದಿನೈದು-ಹದಿನೆಂಟು ಕಿಲೋದ ಸೈಕಲ್ಲನ್ನು ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

3. ಯು-ಲಾಕ್ ಕೊಳ್ಳಿ. ದೊಡ್ಡದಲ್ಲ, ಚಿಕ್ಕದು.

ದೊಡ್ಡ ಬೀಗವೇ ಗಟ್ಟಿ ಎಂದು ನಮಗೆ ತೋರುತ್ತದೆ. ಆದರೆ ಯು-ಲಾಕಿನ ಒಳಗೆ ಖಾಲಿ ಜಾಗ ಹೆಚ್ಚಿದ್ದಷ್ಟೂ ಹಾರೆಯನ್ನೋ ಜಾಕನ್ನೋ ತೂರಿಸಿ ಮೀಟುವುದು ಸುಲಭ. ಚಕ್ರ, ಫ್ರೇಮು, ಕಂಬ ಮೂರೂ ಸೇರಿ ಒಳಗೆ ಇಕ್ಕಟ್ಟಾಗಿರಬೇಕು. ಕೊಳ್ಳುವಾಗ ಇನ್ನೊಂದನ್ನು ನೋಡಿ: ‘ಯು’ವಿನ ಎರಡು ಕಾಲುಗಳೂ ಅಡ್ಡಪಟ್ಟಿಯೊಳಗೆ ಕಚ್ಚಿಕೊಳ್ಳುತ್ತವೆಯೇ, ಇಲ್ಲ ಒಂದೇ ಕಾಲೇ? ಒಂದೇ ಕಾಲು ಕಚ್ಚುವ ಬೀಗವನ್ನು ಒಂದು ಕಡೆ ಕತ್ತರಿಸಿ ತಿರುಚಿದರೆ ಬಿಚ್ಚಿಕೊಳ್ಳುತ್ತದೆ. ಎರಡೂ ಕಚ್ಚುವುದನ್ನು ಸಾಮಾನ್ಯವಾಗಿ ಎರಡು ಕಡೆ ಕತ್ತರಿಸಬೇಕು.

ಉರುಟು ಕೊಳವೆಯಂಥ ಬೀಗದ ಕೈ ಇದ್ದರೆ ಬೇಡ ಎನ್ನಿ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಅಂಥ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ತುದಿಯಿಂದಲೇ ತೆಗೆಯಬಹುದು ಎಂದು ಬಯಲಾಗಿ, ಕಂಪನಿ ಅವನ್ನು ಬದಲಿಸಿಕೊಡಬೇಕಾಯಿತು. ಚಪ್ಪಟೆ ಕೀಲಿಯದೇ ಇರಲಿ.

ಯು-ಲಾಕ್ ಬೇಡ, ಚೈನೇ ಸಾಕು ಎನ್ನುವವರು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಮಾರುವ ಮಾಮೂಲಿ ಸರಪಳಿ ತರಬಾರದು. ಅದು ಮೆತ್ತನೆಯ ಕಬ್ಬಿಣ. ಒಂದು ಸಣ್ಣ ಅರ ತೆಗೆದುಕೊಂಡು ಕೊಂಡಿಯ ಮೇಲೆ ಎಳೆದು ನೋಡಿ. ಅರ ಕಚ್ಚಿ ಹೊಳೆಯುವ ಗೀರು ಬಿದ್ದರೆ ಮೆತ್ತನೆಯದು, ಗಾಜಿನ ಮೇಲೆ ಹೋದಂತೆ ಜಾರಿದರೆ ಹದ ಹಾಕಿದ ಉಕ್ಕು. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಚೈನು ಗಟ್ಟಿ ಇದ್ದರೂ ಅದಕ್ಕೆ ಹಾಕುವ ಬೀಗದ ಕಿವಿ ಸಣ್ಣದಾಗಿದ್ದರೆ ಕಟರ್ ಹೋಗುವುದು ಅಲ್ಲಿಗೇ.

4. ಬೀಗಕ್ಕಿಂತ ಅದನ್ನು ಹಾಕುವ ಜಾಗ ಮುಖ್ಯ.

ಬೀದಿಯಲ್ಲಿ ಹತ್ತು ಸೈಕಲ್ ನೋಡಿದರೆ ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದವು ಒಂದೆರಡಾದರೂ ಸಿಗುತ್ತವೆ. ಎರಡು ನಟ್ಟು ಸಡಿಲಿಸಿ ಚಕ್ರವನ್ನು ಕಂಬಕ್ಕೇ ಬಿಟ್ಟು ಉಳಿದದ್ದನ್ನು ಒಯ್ಯಲು ಒಂದು ಸ್ಪ್ಯಾನರ್ ಸಾಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದ ಶೆಲ್ಡನ್ ಬ್ರೌನ್ ಎಂಬ ಸೈಕಲ್ ಮೆಕ್ಯಾನಿಕ್ ಒಂದು ಉಪಾಯವನ್ನು ಜನಪ್ರಿಯಗೊಳಿಸಿದ. ಅವನು 2008ರಲ್ಲಿ ತೀರಿಕೊಂಡ, ಉಪಾಯ ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ಸೀಟಿನ ಕೆಳಗಿನಿಂದ ಹಿಂಚಕ್ರದ ನಡುವಿಗೆ ಇಳಿಯುವ ಕೊಳವೆ, ಪೆಡಲಿನ ಬುಡದಿಂದ ಅಲ್ಲಿಗೇ ಹೋಗುವ ಕೊಳವೆ, ಸೀಟಿನ ಕಂಬ, ಈ ಮೂರೂ ಸೇರಿ ತ್ರಿಕೋನ ಆಗುತ್ತದಲ್ಲ, ಆ ತ್ರಿಕೋನದೊಳಗೆ ಸಿಗುವ ಹಿಂಚಕ್ರದ ರಿಮ್ಮಿಗೂ ಕಂಬಕ್ಕೂ ಸೇರಿಸಿ ಯು-ಲಾಕ್ ಹಾಕಿ. ಫ್ರೇಮಿಗೆ ಬೀಗ ತಾಗದಿದ್ದರೂ ಚಿಂತೆಯಿಲ್ಲ. ರಿಮ್ಮು ಆ ತ್ರಿಕೋನದಿಂದ ಹೊರಬರಲಾರದು, ಆದ್ದರಿಂದ ಸೈಕಲ್ಲೂ ಅಲುಗದು. ಒಂದೇ ಚಿಕ್ಕ ಬೀಗಕ್ಕೆ ಫ್ರೇಮು, ಹಿಂಚಕ್ರ ಎರಡೂ ಸಿಕ್ಕಿದವು. ರಿಮ್ಮನ್ನೇ ಗರಗಸದಿಂದ ಕೊಯ್ಯಬಹುದಲ್ಲ ಎಂದು ಕೇಳುವವರುಂಟು. ಕೊಯ್ಯಬಹುದು. ಬಿಗಿದ ಟೈರು, ಟ್ಯೂಬು, ರಿಮ್ಮು ಮೂರನ್ನೂ ಕೊಯ್ದು, ಹಾಳಾದ ಚಕ್ರದ ಸೈಕಲ್ಲನ್ನು ಹೊತ್ತುಕೊಂಡು ಹೋಗುವಷ್ಟು ವ್ಯವಧಾನ ಅಗ್ಗದ ಸೈಕಲ್ಲಿನ ಕಳ್ಳನಿಗಿರುವುದು ಕಡಿಮೆ.

5. ಕಂಬವನ್ನೂ ಪರೀಕ್ಷೆ ಮಾಡಿ.

ಕೈಯಿಂದ ಅಲುಗಾಡಿಸಿ. ನೋ ಪಾರ್ಕಿಂಗ್ ಬೋರ್ಡಿನ ಕಂಬ ಎಷ್ಟೋ ಕಡೆ ಮಣ್ಣಿನಲ್ಲಿ ಸುಮ್ಮನೆ ಊರಿರುತ್ತದೆ. ಫುಟ್‌ಪಾತಿನ ಗಿಡ್ಡ ಕಂಬಗಳಿಗೆ ಕಟ್ಟಿದರೆ ಬೀಗಸಮೇತ ಸೈಕಲ್ಲನ್ನು ಮೇಲೆತ್ತಿ ಬಿಡಿಸಿಕೊಳ್ಳಬಹುದು. ಎಳೆಯ ಮರಕ್ಕಂತೂ ಕಟ್ಟಲೇಬೇಡಿ, ಮರಕ್ಕೂ ಕೇಡು. ಗೋಡೆಯೊಳಗೆ ಕೂತಿರುವ ಕಿಟಕಿ ಸರಳು ಸಿಕ್ಕರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

6. ಕ್ವಿಕ್ ರಿಲೀಸ್ ಇದ್ದರೆ ತೆಗೆಸಿ ನಟ್ಟು ಹಾಕಿಸಿ.

ಚಕ್ರಕ್ಕೂ ಸೀಟಿಗೂ ಇರುವ ಆ ಸನ್ನೆ ನಮಗೆ ಎಷ್ಟು ಅನುಕೂಲವೋ ಕಳ್ಳನಿಗೂ ಅಷ್ಟೇ. ಸೀಟಿನ ಅಲೆನ್ ಬೋಲ್ಟಿನ ಕುಳಿಗೆ ಮೇಣ ತುಂಬಿ, ಮೇಲೊಂದು ಸಣ್ಣ ಬೇರಿಂಗ್ ಗುಂಡು ಒತ್ತಿಟ್ಟರೆ ಅಲೆನ್ ಕೀ ಒಳಗೆ ಇಳಿಯುವುದಿಲ್ಲ. ನಿಮಗೆ ಬೇಕಾದಾಗ ಪಿನ್ನಿನಿಂದ ಕೆದಕಿ ತೆಗೆಯಬಹುದು.

7. ಗುರುತು ಮಾಡಿ, ಅಂದ ಕೆಟ್ಟರೂ ಸರಿ.

ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತವೆಲ್ಲ ಒಂದೇ ತರಹ. ಮಕ್ಕಳು ತಾವೇ ದಾರಿ ಕಂಡುಕೊಂಡರು. ಒಬ್ಬಳು ಹ್ಯಾಂಡಲ್ಲಿಗೆ ಉಲ್ಲನ್ ಸುತ್ತಿದಳು, ಇನ್ನೊಬ್ಬ ಮಡ್‌ಗಾರ್ಡಿನ ಮೇಲೆ ಪೇಂಟಿನಲ್ಲಿ ಹೆಸರು ಬರೆದ. ಅದೇ ಬುದ್ಧಿ ದೊಡ್ಡವರಿಗೂ ಬೇಕು. ಬಾರಿನ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಸಿದ ಸೈಕಲ್ಲನ್ನು ಮಾರಬೇಕಾದರೆ ಕಳ್ಳ ಮೊದಲು ಬಣ್ಣದ ಡಬ್ಬ ಕೊಳ್ಳಬೇಕು.

ಅಸಲಿ ಗುರುತು ಇರುವುದು ಕೆಳಗೆ. ಪಂಕ್ಚರ್ ಅಂಗಡಿಗೆ ಹೋದಾಗ ಸೈಕಲ್ಲನ್ನು ತಲೆಕೆಳಗು ಮಾಡಿಸಿ. ಪೆಡಲುಗಳ ನಡುವಿನ ಉರುಟು ಭಾಗಕ್ಕೆ ಅಂಟಿದ ಕೆಸರು, ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದರೆ ಹೆಚ್ಚಿನ ಸೈಕಲ್ಲುಗಳಲ್ಲಿ ಕುಟ್ಟಿ ಕೂರಿಸಿದ ಅಂಕಿಗಳು ಒಂದೊಂದಾಗಿ ಕಾಣಿಸುತ್ತವೆ. ಅದೇ ಫ್ರೇಮ್ ನಂಬರ್. ಫೋನಿನಲ್ಲಿ ಫೋಟೊ ತೆಗೆದು, ಬಿಲ್ಲಿನ ಫೋಟೊ ಜೊತೆ ನಿಮಗೇ ಇಮೇಲ್ ಮಾಡಿಕೊಳ್ಳಿ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಆ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

8. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಮನೆಯಲ್ಲ.

ಸೆಕ್ಯುರಿಟಿಯವರಿದ್ದಾರೆ, ಕ್ಯಾಮೆರಾ ಇದೆ ಎಂದು ಗೋಡೆಗೆ ಒರಗಿಸಿಟ್ಟ ಸೈಕಲ್ ತಿಂಗಳುಗಟ್ಟಲೆ ದೂಳು ತಿನ್ನುತ್ತದೆ. ಹೋದದ್ದು ಯಾವತ್ತು ಎಂದು ತಿಳಿಯುವ ಹೊತ್ತಿಗೆ ಕ್ಯಾಮೆರಾದ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂತಿರುತ್ತದೆ. ಬೀದಿಯಲ್ಲಿ ಹಾಕುವ ಬೀಗವನ್ನೇ ಅಲ್ಲೂ ಹಾಕಿ. ಗೋಡೆಗೊಂದು ಕಬ್ಬಿಣದ ಬಳೆ ಕೂರಿಸಿಕೊಡಿ ಎಂದು ಸಂಘದವರನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

9. ವಿಮೆ ಮಾಡಿಸುವ ಮುನ್ನ ಕಾಗದ ಪೆನ್ನು ತೆಗೆದುಕೊಳ್ಳಿ.

ಬೈಕಿಗಿರುವಂತೆ ಸೈಕಲ್ಲಿಗೆ ವಿಮೆ ಕಡ್ಡಾಯವಲ್ಲ. ಮನೆಯ ವಿಮೆಯಲ್ಲಿ ಸೈಕಲ್ಲೂ ಸೇರಿದೆ ಎಂದು ನಂಬಿದವರು ಪಾಲಿಸಿ ಬಿಡಿಸಿ ಓದಲಿ. 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ನೆರೆ, ಭೂಕಂಪದಂಥವುಗಳಿಗೆ. ಕಳ್ಳತನದ ಮಾತು ಅದರಲ್ಲಿ ಬರುತ್ತದೆ, ಆದರೆ ಇಂಥ ಅನಾಹುತ ನಡೆದ 7 ದಿನದೊಳಗೆ, ಅದರ ಕಾರಣದಿಂದಲೇ ಆದ ಕಳವಿಗೆ ಮಾತ್ರ. ಮನೆಗೆ ಬೆಂಕಿ ಬಿದ್ದ ವಾರ ಸೈಕಲ್ ಹೋದರೆ ಉಂಟು, ಸುಮ್ಮನೆ ಹೋದರೆ ಇಲ್ಲ! ಕಳ್ಳತನಕ್ಕೆಂದೇ ಬೇರೆ ಪಾಲಿಸಿ ತೆಗೆದುಕೊಂಡರೂ ಅದು ಸಾಮಾನ್ಯವಾಗಿ ಬಾಗಿಲು, ಬೀಗ ಒಡೆದು ಒಳನುಗ್ಗಿದ ಗುರುತು ಕೇಳುತ್ತದೆ. ಗೇಟಿನ ಒಳಗೆ ನಿಲ್ಲಿಸಿದ್ದ ಸೈಕಲ್ ಅದಕ್ಕೆ ದಕ್ಕುವುದಿಲ್ಲ.

ಸೈಕಲ್ಲಿಗೆಂದೇ ವಿಮೆ ಕೊಡುವವರು ಸಿಕ್ಕರೆ ಹೀಗೆ ಕೇಳಿ. ಸವಕಳಿಗೆ ಎಷ್ಟು ಕಳೆಯುತ್ತೀರಿ? ಮೊದಲ ಎಷ್ಟು ರೂಪಾಯಿ ನಾನೇ ಹೊರಬೇಕು? ಸೀಟೋ ಚಕ್ರವೋ ಮಾತ್ರ ಹೋದರೆ ಕೊಡುತ್ತೀರಾ? ಎಂಥ ಬೀಗ, ಎಲ್ಲಿಗೆ ಹಾಕಿರಬೇಕು? ಎರಡೂ ಕೀಲಿ ತೋರಿಸಬೇಕೇ? ಉದಾಹರಣೆಗೆ, 6,000 ರೂಪಾಯಿಯ ಸೈಕಲ್ಲಿಗೆ ಸವಕಳಿಯೆಂದು ಶೇ 30 ಕಳೆದರೆ 4,200. ಅದರಲ್ಲಿ ಮೊದಲ 1,000 ನಿಮ್ಮದೇ ಎಂದರೆ ಕೈಗೆ ಬರುವುದು 3,200. ಅದಕ್ಕಾಗಿ ವರ್ಷವರ್ಷ ಪ್ರೀಮಿಯಂ, ಮೇಲೆ ಠಾಣೆ, ಸರ್ವೇಯರ್, ಫಾರ್ಮು. ಹತ್ತು ಸಾವಿರದೊಳಗಿನ ಸೈಕಲ್ಲಿಗೆ ಇದು ಗಿಟ್ಟದ ವ್ಯಾಪಾರ. ಸಾಲ ಮಾಡಿ ತಂದ ಬ್ಯಾಟರಿ ಸೈಕಲ್ಲಾದರೆ ಮಾತು ಬೇರೆ, ಆಗ ಮಾಡಿಸಿ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅದನ್ನೂ ತಳ್ಳಿಹಾಕಿದರೆ, ಇಲ್ಲವೇ ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ಬೆಂಗಳೂರಿನಲ್ಲೂ ಕಚೇರಿ ಇದೆ.

10. ನಿಮ್ಮ ವಿಮಾ ಕಂಪನಿ ನಿಮ್ಮ ಬಡಾವಣೆಯ ಅಂಚೆ ಕಚೇರಿಯಲ್ಲೇ ಇದೆ.

ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ. 5 ವರ್ಷಕ್ಕೆ ಅಸಲೇ 6,000, ಮೇಲೆ ಬಡ್ಡಿ. ಸೈಕಲ್ ಕಳುವಾದರೆ ಹೊಸದು, ಕಳುವಾಗದಿದ್ದರೂ ಹೊಸದು. ಸವಕಳಿ ಕಳೆಯುವವರಿಲ್ಲ.

11. ಕಳುವಾದರೆ ಅಂದೇ ಠಾಣೆಗೆ ಹೋಗಿ, ಬಿಲ್ಲು ಕೈಯಲ್ಲಿರಲಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಕಳ್ಳತನದ್ದು. ಇದರಲ್ಲಿ ನಮ್ಮಂಥವರಿಗೆ ಮುಖ್ಯವಾದ ಒಂದು ಗೆರೆ ಇದೆ: 5,000 ರೂಪಾಯಿ. ಕದ್ದ ಮಾಲಿನ ಬೆಲೆ ಅದಕ್ಕಿಂತ ಕಡಿಮೆ ಇದ್ದು, ಮೊದಲ ಸಲ ಅಪರಾಧಿಯೆಂದು ತೀರ್ಪಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮಾಜಸೇವೆಯೇ ಶಿಕ್ಷೆ. ಅಂಥ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿಗೆ ಸೇರಿಸಿರುವುದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಬರೆದುಕೊಟ್ಟು ಕಳಿಸುತ್ತಾರೆ. ಹಾಗಾಗಿ ಬೆಲೆಯನ್ನು ಬಾಯಿಮಾತಿನಲ್ಲಿ ‘ಏನೋ ಮೂರ್ನಾಲ್ಕು ಸಾವಿರ ಸಾರ್’ ಎಂದುಬಿಡಬೇಡಿ. ಸೈಕಲ್, ಜೊತೆಗೇ ಹೋದ ಲೈಟು, ಪಂಪು, ಬೀಗ ಎಲ್ಲದರ ಬಿಲ್ಲು ಇಟ್ಟು ನಿಜವಾದ ಮೊತ್ತ ಬರೆಯಿರಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರುದಾರನಿಗೆ ಉಚಿತ, ಕೇಳಿ ಪಡೆಯಿರಿ. ಸಂಜ್ಞೇಯ ಪ್ರಕರಣವಾದರೂ ದೂರು ತೆಗೆದುಕೊಳ್ಳದಿದ್ದರೆ ವಿಷಯವನ್ನು ಬರೆದು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಸುಲಭವೆಂದು ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ದಾಖಲಿಸಿ ಕೂರಬೇಡಿ, ಅದು ಕಳೆದುಕೊಂಡ ವಸ್ತುಗಳಿಗೆ.

12. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಿಲ್ಲು ಕೇಳಿ, ಫ್ರೇಮ್ ನಂಬರ್ ಉಜ್ಜಿ ಅಳಿಸಿದ್ದರೆ ಎದ್ದು ಬನ್ನಿ.

ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅದೇ ಸಂಹಿತೆಯ 317ನೇ ಕಲಮಿನಡಿ ಅಪರಾಧ.

13. ಸಿಕ್ಕಿತು ಎಂದು ಫೋನ್ ಬಂದರೆ ತಡ ಮಾಡಬೇಡಿ.

ಜಪ್ತಿಯಾದ ಸೈಕಲ್ಲನ್ನು ಪೊಲೀಸರು ತಾವಾಗಿ ಮನೆಗೆ ತಂದುಕೊಡುವುದಿಲ್ಲ. ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ, ಸೈಕಲ್ ನಿಮ್ಮದೇ ಎಂದು ತೋರಿಸಬೇಕಾಗುತ್ತದೆ. ಏಳನೇ ಸೂತ್ರದ ಫೋಟೊ, ಬಿಲ್ಲು ಅಲ್ಲಿ ಕೆಲಸಕ್ಕೆ ಬರುತ್ತವೆ. ಬಿಡಿಸಿಕೊಂಡ ದಿನವೇ ಹೊಸ ಬೀಗ ತನ್ನಿ, ಹಳೆಯದರ ಕೀಲಿ ಯಾರ ಕೈಯಲ್ಲಿತ್ತೋ ಏನೋ.