ಸುಂಕದ ಗಡಿ ಅಳಿದ ಮೇಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಪಾಮನಕಲ್ಲೂರು ಎಂಬ ಗ್ರಾಮವಿದೆ. 1948ರವರೆಗೆ ಈ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ತುಂಗಭದ್ರೆಯ ಆಚೆಗಿನ ಬಳ್ಳಾರಿಯು ಮದರಾಸು ಪ್ರಾಂತ್ಯದಲ್ಲಿತ್ತು. ಎರಡೂ ದಡಗಳಲ್ಲಿ ಕನ್ನಡವೇ ಕೇಳಿಬರುತ್ತಿದ್ದರೂ ನಾಣ್ಯ ಮಾತ್ರ ಬೇರೆ ಬೇರೆಯಾಗಿದ್ದಿತು. ಈಚೆಗೆ ಹಾಲಿ ಸಿಕ್ಕಾ, ಆಚೆಗೆ ಕಲ್ದಾರ್. ಏಳು ಹಾಲಿ ರೂಪಾಯಿಗಳಿಗೆ ಸುಮಾರು ಆರು ಕಲ್ದಾರ್ ರೂಪಾಯಿಗಳು ದೊರೆಯುತ್ತಿದ್ದವು. ಗಡಿ ದಾಟುವ ಸರಕಿನ ಮೇಲೆ ಸಂಸ್ಥಾನದ ಕರೋಡಗಿರಿ ಇಲಾಖೆಯು ಸುಂಕ ವಸೂಲು ಮಾಡುತ್ತಿತ್ತು.

ಇಂತಹ ಸುಂಕಕ್ಕೆ ಎರಡು ಮುಖಗಳುಂಟು. ಹೊರಗಿನ ಬಟ್ಟೆಗೆ ಸುಂಕ ಬಿದ್ದರೆ ಅದರ ಬೆಲೆ ಏರಿ ಒಳನಾಡಿನ ನೇಕಾರನಿಗೆ ಆಸರೆಯಾಗುತ್ತದೆ. ಆದರೆ ಹೊರಗೆ ಹೋಗುವ ಹತ್ತಿಗೆ ಸುಂಕ ಬಿದ್ದರೆ, ವ್ಯಾಪಾರಿಯು ಆ ಹೊರೆಯನ್ನು ಬೆಳೆಗಾರನಿಗೆ ಕೊಡುವ ಬೆಲೆಯಲ್ಲಿಯೇ ಕಳೆಯುತ್ತಾನೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿದ ಬಳಿಕ ಈ ಸುಂಕವು ಹಂತಹಂತವಾಗಿ ರದ್ದಾಯಿತು. ಹಾಲಿ ಸಿಕ್ಕಾ ಚಲಾವಣೆಯಿಂದ ಮರೆಯಾಯಿತು. ರೈತನ ಬೆಳೆಗೆ ದೇಶದ ಮಾರುಕಟ್ಟೆಯೆಲ್ಲ ತೆರೆಯಿತು. ಆದರೆ ಹಿಂದಿನ ಆಸರೆಯೂ ಅದರೊಡನೆ ಹೋಯಿತು.

ಸ್ವಂತ ನಾಣ್ಯವಿರುವ ದೇಶವು ಅದರ ವಿನಿಮಯ ಬೆಲೆಯನ್ನು ಇಳಿಸಿ ತನ್ನ ಸರಕನ್ನು ಹೊರಗಿನವರಿಗೆ ಅಗ್ಗವಾಗಿಸಬಲ್ಲದು. ನಾಣ್ಯದ ಒಕ್ಕೂಟ ಸೇರಿದ ಮೇಲೆ ಆ ಉಪಾಯವಿಲ್ಲ. ಯುರೋಪಿನ ಗ್ರೀಸ್ ದೇಶವು 2001ರಲ್ಲಿ ಯೂರೋ ನಾಣ್ಯವನ್ನು ಸ್ವೀಕರಿಸಿತು. 2010ರ ವೇಳೆಗೆ ಸಾಲದ ಸಂಕಟದಲ್ಲಿ ಸಿಲುಕಿದಾಗ ಅದು ನಾಣ್ಯದ ಬೆಲೆ ಇಳಿಸಲಾರದೆ, ಸಂಬಳ ಮತ್ತು ಪಿಂಚಣಿಗಳನ್ನೇ ಕಡಿಮೆ ಮಾಡಬೇಕಾಯಿತು.

ಹಾಗಾದರೆ ಒಕ್ಕೂಟದೊಳಗೆ ಸ್ಪರ್ಧಾಶಕ್ತಿಯು ಯಾವುದರಿಂದ ಬರುತ್ತದೆ? ನೀರು, ರಸ್ತೆ, ವಿದ್ಯೆ, ದುಡಿಮೆಯ ಕೌಶಲ ಇವುಗಳಿಂದಲೇ. ಇದಕ್ಕೆ ರಾಯಚೂರು ಜಿಲ್ಲೆಯೇ ನಿದರ್ಶನ. ಹೈದರಾಬಾದು ಮತ್ತು ಮದರಾಸು ಸರಕಾರಗಳು 1945ರಲ್ಲಿ ಕೂಡಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯ ನೀರು ದೊರೆತ ಸಿಂಧನೂರು ಸೀಮೆಯು ಬತ್ತದ ಕಣಜವಾಯಿತು. ಅಲ್ಲಿ ಅಕ್ಕಿ ಗಿರಣಿಗಳು ಎದ್ದವು. ಅದೇ ಜಿಲ್ಲೆಯ ಪಾಮನಕಲ್ಲೂರಿನ ಸುತ್ತಣ ಹಳ್ಳಿಗಳ ಜನರು ಮಳೆಯನ್ನೇ ನಂಬಿ ಬಾಳಬೇಕಾಯಿತು. 2020ರಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಇಬ್ಬರಿಗೂ ಮಾರುಕಟ್ಟೆ ಒಂದೇ, ನಾಣ್ಯ ಒಂದೇ. ಆದರೆ ಹೊಲಕ್ಕೆ ನೀರಿಲ್ಲದವನು ನೀರುಳ್ಳವನೊಡನೆ ಸರಿಸಮನಾಗಿ ಸ್ಪರ್ಧಿಸುವುದೆಂತು?

ಆದುದರಿಂದ ಒಕ್ಕೂಟಕ್ಕೆ ಒಂದು ಹೊಣೆಯೂ ಉಂಟು. ಹಿಂದುಳಿದ ಭಾಗಗಳನ್ನು ಅದು ಮೇಲೆತ್ತಬೇಕು. ಸಂವಿಧಾನದ 371ಜೆ ವಿಧಿಯು ಇಂದು ಕಲ್ಯಾಣ ಕರ್ನಾಟಕವೆಂದು ಕರೆಯಲಾಗುವ ಈ ಪ್ರದೇಶಕ್ಕೆ ಅಭಿವೃದ್ಧಿ ಮಂಡಳಿಯನ್ನೂ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯನ್ನೂ ಕಲ್ಪಿಸಿದುದು ಈ ಉದ್ದೇಶದಿಂದಲೇ. ಸುಂಕದ ಗಡಿಯನ್ನು ಅಳಿಸಲು ಒಂದು ಆಜ್ಞೆ ಸಾಕು. ನೀರಿನ, ವಿದ್ಯೆಯ ಅಂತರವನ್ನು ಅಳಿಸಲು ಹಲವು ವರ್ಷಗಳ ದುಡಿಮೆ ಬೇಕು.