ಸಿಮೆಂಟಿನ ಗೋಡೆಯಲ್ಲಿ ಸಮುದ್ರಯಾನ

ಪುತ್ತೂರು, ಸುಳ್ಯ, ಕಡಬದ ಕಡೆಯ ಊರುಗಳಲ್ಲಿ ದೇವಸ್ಥಾನದ ಮಹಾದ್ವಾರದ ಮೇಲೋ ಮನೆಯ ಗೇಟಿನ ಕಂಬದ ಮೇಲೋ ಸಿಮೆಂಟಿನ ಆನೆ, ಸಿಂಹಗಳನ್ನು ಕಾಣದವರು ವಿರಳ. ‘ಚೆನ್ನಾಗಿ ಕೆತ್ತಿದ್ದಾರೆ’ ಎಂದು ನಾವು ಹೇಳಿಬಿಡುತ್ತೇವೆ. ಅದು ಸರಿಯಲ್ಲ. ಕಲ್ಲುಕುಟಿಗನು ಬೇಡವಾದುದನ್ನು ತೆಗೆಯುತ್ತ ಹೋಗುವವನು. ಗಾರೆಯವನಾದರೋ ಬೇಕಾದುದನ್ನು ಮೆತ್ತುತ್ತ ಬರುವವನು. ಈ ಮೆತ್ತುವ ಕಲೆಯೇ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಹೋಟೆಲಿನ ಗೋಡೆಗಳನ್ನೇರಿ, ಪಾಲಿನೇಷ್ಯದ ಜನರ ಸಮುದ್ರಯಾನವನ್ನು ಉಬ್ಬುಚಿತ್ರವಾಗಿಸಿದೆ.

ಕೆಲಸದ ಕ್ರಮ ಎಲ್ಲಿಯಾದರೂ ಹೆಚ್ಚುಕಡಿಮೆ ಒಂದೇ. ಮೊದಲು ಗೋಡೆಯನ್ನು ಕೊಚ್ಚಿ ಒರಟು ಮಾಡಬೇಕು. ನಮ್ಮ ಮುರಕಲ್ಲಿನ ಗೋಡೆಗೆ ಆ ಶ್ರಮ ಕಡಿಮೆ. ಹೆಚ್ಚು ಉಬ್ಬಬೇಕಾದಲ್ಲಿ ಕಬ್ಬಿಣದ ಸರಳನ್ನೂ ತಂತಿಬಲೆಯನ್ನೂ ಬಿಗಿಯಬೇಕು. ಒಂದು ಪಾಲು ಸಿಮೆಂಟಿಗೆ ಸುಮಾರು ಮೂರು ಪಾಲು ಮರಳು ಕಲಸಿ, ಪದರದ ಮೇಲೆ ಪದರ ಕೊಟ್ಟು, ಕರಣೆಯಿಂದಲೂ ಬಿದಿರಿನ ಸೀಳಿನಿಂದಲೂ ರೂಪ ತಿದ್ದಬೇಕು. ಗಾರೆ ಗಟ್ಟಿಯಾಗತೊಡಗಿದ ಮೇಲೆ ತಿದ್ದುಪಡಿಗೆ ಎಡೆಯಿಲ್ಲ. ಮುಗಿದ ಬಳಿಕ ಕನಿಷ್ಠ ಒಂದು ವಾರವಾದರೂ ನೀರುಣಿಸಬೇಕು. ನಮ್ಮ ಮನೆಯ ತುಳಸೀಕಟ್ಟೆಗೆ ಮೆತ್ತಿದ ಹೂಬಳ್ಳಿಗೆ ಎರಡೇ ದಿನ ನೀರು ಹಾಕಿದೆವು. ಎರಡನೆಯ ಮಳೆಗಾಲಕ್ಕೆ ಬಳ್ಳಿ ನೆಲದಲ್ಲಿತ್ತು.

ಕಡಲ ತಡಿಯಲ್ಲಿ ಇನ್ನೊಂದು ಶತ್ರುವುಂಟು. ಗಾಳಿಯ ಉಪ್ಪು ಸಿಮೆಂಟಿನೊಳಗಿಳಿದು ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಹುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಕು. ಆದುದರಿಂದ ಗಾರೆ ಒಳಗಿನಿಂದಲೇ ಬಿರಿಯುತ್ತದೆ. ಮುರುಡೇಶ್ವರದಲ್ಲಿ ಅಲೆಗಳ ಮಗ್ಗುಲಲ್ಲೇ ಕುಳಿತಿರುವ 123 ಅಡಿಯ ಶಿವನ ಪ್ರತಿಮೆಗೂ ಹವಾಯಿಯ ಹೋಟೆಲಿನ ಗೋಡೆಗೂ ಇರುವ ಭಯ ಇದೊಂದೇ. ಗೋಡೆಗೆ ಮತ್ತೂ ಒಂದುಂಟು: ಕಟ್ಟಡವನ್ನು ಕೆಡವಿದರೆ, ಚೌಕಟ್ಟಿನ ಪಟದಂತೆ ಅದನ್ನು ಕಳಚಿಕೊಂಡು ಹೋಗಲಾಗದು.

ಇನ್ನು ಚಿತ್ರದ ವಸ್ತು. ಎರಡು ಒಡಲುಗಳನ್ನು ಅಡ್ಡಮರಗಳಿಂದ ಜೋಡಿಸಿದ ನೌಕೆ, ಏಡಿಯ ಇಕ್ಕಳದಂತಹ ಹಾಯಿ, ಬಗ್ಗಿ ನಿಂತ ಜನ. ಪ್ರವಾಸಿಗೆ ಇದು ಬರಿಯ ಅಲಂಕಾರವಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಇದರ ಹಿಂದೆ ಒಂದು ವಿವಾದವಿತ್ತು. ದೂರದ ದ್ವೀಪಗಳಿಗೆ ಈ ಜನ ತಿಳಿದು ಹೋದವರಲ್ಲ, ಗಾಳಿ ಸೆಳೆತಗಳಿಗೆ ಸಿಕ್ಕಿ ಅಕಸ್ಮಾತ್ತಾಗಿ ತಲುಪಿದವರು ಎಂದು ಆಂಡ್ರ್ಯೂ ಶಾರ್ಪ್ ಎಂಬಾತನು 1956ರಲ್ಲಿ ವಾದಿಸಿದನು. ಉತ್ತರವನ್ನು ಕಡಲಿನಲ್ಲೇ ಕೊಡಬೇಕಾಯಿತು. 1976ರ ಮೇ 1ರಂದು ‘ಹೊಕುಲೇಅ’ ಎಂಬ ಜೋಡಿನೌಕೆ ಹವಾಯಿಯ ಮಾವಿ ದ್ವೀಪದಿಂದ ಹೊರಟು, ಜೂನ್ 4ರಂದು ತಾಹಿತಿಯ ಪಪೇತೆಯನ್ನು ಸೇರಿತು. ದಾರಿ ತೋರಿದವನು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮಾವು ಪಿಯೈಲುಗ್. ಅವನ ಕೈಯಲ್ಲಿ ದಿಕ್ಸೂಚಿಯಿರಲಿಲ್ಲ. ನಕ್ಷತ್ರದ ಉದಯಾಸ್ತ, ಅಲೆಗಳ ಏರಿಳಿತ, ಹಕ್ಕಿಗಳ ಹಾರಾಟ, ಇವೇ ಅವನ ಸಾಧನಗಳು.

ಇಂಥ ಗೋಡೆಗಳ ಬಗ್ಗೆ ನನ್ನ ಆಕ್ಷೇಪಣೆ ಇಲ್ಲಿಯೇ. ಶಿಲ್ಪಿಯ ಶ್ರಮವೆಲ್ಲ ನೌಕೆಗೂ ತೋಳಿನ ಮಾಂಸಖಂಡಗಳಿಗೂ ಸಂದರೆ, ಆಕಾಶ ಸಪಾಟಾಗಿ ಉಳಿಯುತ್ತದೆ. ನಾವಿಕನ ವಿದ್ಯೆ ಇರುವುದಾದರೋ ಆಕಾಶದಲ್ಲಿ. ಹೊಕುಲೇಅ ಎಂದರೆ ಹರ್ಷದ ನಕ್ಷತ್ರ, ನಮ್ಮ ಸ್ವಾತಿ. ಅದು ಹವಾಯಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ಹಿಂದಿರುಗುವ ನಾವಿಕನಿಗೆ ಸ್ವಾತಿ ನಡುನೆತ್ತಿಗೆ ಬಂದರೆ ತನ್ನ ದ್ವೀಪದ ಅಕ್ಷಾಂಶ ಬಂದಂತೆ. ಒಂದು ಬೊಗಸೆ ಗಾರೆಯನ್ನು ಹಾಯಿಯ ತುದಿಯ ಮೇಲೆ ನಕ್ಷತ್ರವಾಗಿ ಮೆತ್ತಿದ್ದರೂ ಸಾಕಿತ್ತು.

ಮೇ ತಿಂಗಳ ಕೊನೆಯಲ್ಲಿ, ಮಳೆಮೋಡ ಕವಿಯುವ ಮೊದಲು, ರಾತ್ರಿ ಹತ್ತೂವರೆಯ ಹೊತ್ತಿಗೆ ಅಂಗಳಕ್ಕಿಳಿದು ನೋಡಿರಿ. ಪುತ್ತೂರಿನಲ್ಲಿ ಕಿತ್ತಳೆ ಛಾಯೆಯ ಸ್ವಾತಿ ನೆತ್ತಿಗಿಂತ ಸುಮಾರು 6 ಡಿಗ್ರಿ ಉತ್ತರಕ್ಕೆ ಸರಿದಿರುತ್ತದೆ. ಆ 6 ಡಿಗ್ರಿ, ಹವಾಯಿಯು ನಮಗಿಂತ ಎಷ್ಟು ಉತ್ತರದಲ್ಲಿದೆ ಎಂಬುದರ ಲೆಕ್ಕ.